ಕಾಯಿಲೆ ಕಲಿಸಿದ್ದನ್ನು ಮನವಿಯಾಗಿ ಬರೆಯುವುದು: ಹಾಸನ ಜಿಲ್ಲೆಯಲ್ಲಿ ರೋಗಿಗಳ ಪರ ನಿಲ್ಲಬಯಸುವವರಿಗೆ

ಕ್ಯಾನ್ಸರ್, ಕಿಡ್ನಿ ವೈಫಲ್ಯ, ಹೃದಯದ ಆಪರೇಷನ್, ವರ್ಷಗಟ್ಟಲೆ ಕಾಡಿದ ಟಿಬಿ. ಇಂಥದ್ದರಿಂದ ಎದ್ದು ಬಂದವರಿಗೆ ಆಸ್ಪತ್ರೆಯ ಬಗ್ಗೆ ಅಲ್ಲಿನ ಡಾಕ್ಟರಿಗೂ ಗೊತ್ತಿರದ ಎಷ್ಟೋ ಸಂಗತಿ ಗೊತ್ತಿರುತ್ತದೆ. ಯಾವ ಕೌಂಟರಿನಿಂದ ಚೀಟಿ ವಾಪಸ್ ಬರುತ್ತದೆ, ಯಾವ ರಿಪೋರ್ಟಿಗೆ ಎಷ್ಟು ದಿನ ಕಾಯಬೇಕು, ರೆಫರಲ್ ಪತ್ರಕ್ಕೆ ಯಾರ ಸಹಿ ಬೇಕು, ಆ ಸಹಿ ಹಾಕುವವರು ಯಾವ ಹೊತ್ತಿಗೆ ಕುರ್ಚಿಯಲ್ಲಿ ಸಿಗುತ್ತಾರೆ. ಈ ತಿಳಿವಳಿಕೆ ಊರಿಗೆ ಉಪಯೋಗವಾಗಬೇಕಾದರೆ ಅದನ್ನು ಕಥೆಯಿಂದ ಬಿಡಿಸಿ, ಒಬ್ಬ ಅಧಿಕಾರಿ ಸಹಿ ಹಾಕಬಹುದಾದ ಒಂದು ಬೇಡಿಕೆಗೆ ಇಳಿಸಬೇಕು. ಕಥೆ ಕೇಳಿ ಮರುಗುವವರು ಬಹಳ ಜನ. ಕಡತದಲ್ಲಿ ಟಿಪ್ಪಣಿ ಬರೆಯುವವರು ಒಬ್ಬರು. ನಿಮ್ಮ ಮನವಿ ತಲುಪಬೇಕಾದ್ದು ಆ ಒಬ್ಬರಿಗೆ.

ರೋಗಿಗಳ ಪರ ಕೆಲಸದಲ್ಲಿ ಎರಡು ಬಗೆ ಇದೆ. ಒಬ್ಬ ರೋಗಿಯ ಪಕ್ಕದಲ್ಲಿ ನಿಂತು ದಾರಿ ತೋರಿಸುವುದು ಒಂದು. ಒಂದು ಆಸ್ಪತ್ರೆಯ ಅಥವಾ ತಾಲ್ಲೂಕಿನ ವ್ಯವಸ್ಥೆಯೇ ಬದಲಾಗುವಂತೆ ಬೆನ್ನು ಹತ್ತುವುದು ಇನ್ನೊಂದು. ಮೊದಲನೆಯದನ್ನು ಮಾಡುವವರು ನಮ್ಮ ಊರುಗಳಲ್ಲಿ ಮೊದಲಿನಿಂದಲೂ ಇದ್ದಾರೆ. ಎರಡನೆಯದಕ್ಕೆ ಕೈ ಹಾಕುವವರು ಕಡಿಮೆ. ಅದಕ್ಕೇ ಇಲ್ಲಿ ಎರಡನೆಯದಕ್ಕೆ ಜಾಸ್ತಿ ಜಾಗ ಕೊಟ್ಟಿದೆ.

ಮೊದಲು ನಿಮ್ಮದೇ ಫೈಲು

ಡಿಸ್ಚಾರ್ಜ್ ಸಮ್ಮರಿ, ಬಯಾಪ್ಸಿ ಮತ್ತು ರಕ್ತದ ರಿಪೋರ್ಟು, ಸ್ಕ್ಯಾನಿಂಗ್ ಫಿಲ್ಮು, ಒಪಿಡಿ ಚೀಟಿ, ಔಷಧಿ ಬಿಲ್ಲು, ಬಸ್ ಟಿಕೆಟ್ ಉಳಿದಿದ್ದರೆ ಅದೂ ಸೇರಿ ಎಲ್ಲವನ್ನೂ ದಿನಾಂಕದ ಪ್ರಕಾರ ಜೋಡಿಸಿ. ಇಸಿಜಿ ಪಟ್ಟಿಯೂ ಮೆಡಿಕಲ್ ಶಾಪಿನ ಬಿಲ್ಲೂ ಸಾಮಾನ್ಯವಾಗಿ ಥರ್ಮಲ್ ಕಾಗದದ ಮೇಲೆ ಬರುತ್ತವೆ, ಅವುಗಳ ಅಕ್ಷರ ಬೇಗ ಮಾಸುತ್ತದೆ. ಕೈಗೆ ಬಂದ ವಾರದಲ್ಲೇ ಜೆರಾಕ್ಸ್ ಮಾಡಿಸಿಡಿ. ಸಕಲೇಶಪುರ, ಆಲೂರಿನ ಮಳೆಗಾಲದ ತೇವಕ್ಕೆ ಫಿಲ್ಮುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ನಡುವೆ ಒಂದೊಂದು ಕಾಗದ ಹಾಕಿ ನೆಟ್ಟಗೆ ನಿಲ್ಲಿಸಿಡಿ.

ದಾಖಲೆ ಕಳೆದಿದ್ದರೆ ಕೇಳಿ ಪಡೆಯುವ ಹಕ್ಕು ರೋಗಿಗಿದೆ. ವೈದ್ಯರ ವೃತ್ತಿ ನಡವಳಿಕೆಗೆ ಸಂಬಂಧಿಸಿದ 2002ರ ಭಾರತೀಯ ವೈದ್ಯಕೀಯ ಮಂಡಳಿ ನಿಯಮಾವಳಿಯ ಪ್ರಕಾರ, ರೋಗಿ ಅಥವಾ ರೋಗಿ ಅಧಿಕಾರ ಕೊಟ್ಟವರು ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಒಳರೋಗಿ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ ಮೂರು ವರ್ಷ ಇಟ್ಟಿರಬೇಕು. ಮೂರು ವರ್ಷ ದಾಟಿದ ಮೇಲೆ ಕೇಳಲು ಹೋದರೆ ಇಲ್ಲ ಎನ್ನುವ ಉತ್ತರ ಬಂದೀತು. ಬಾಯಲ್ಲಿ ಕೇಳುವುದಕ್ಕಿಂತ ಮೆಡಿಕಲ್ ರೆಕಾರ್ಡ್ಸ್ ವಿಭಾಗಕ್ಕೆ ಒಂದು ಅರ್ಜಿ ಬರೆದು, ಎರಡನೇ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳುವುದು ಒಳ್ಳೆಯದು. 72 ಗಂಟೆಯ ಎಣಿಕೆಗೆ ಆ ಸೀಲೇ ಸಾಕ್ಷಿ.

ಈಗ ಒಂದು ದೊಡ್ಡ ಹಾಳೆಯಲ್ಲಿ ಐದು ಕಾಲಂ ಎಳೆಯಿರಿ: ದಿನಾಂಕ, ಎಲ್ಲಿ, ಯಾವ ಹುದ್ದೆಯವರು ನೋಡಿದರು, ಏನಾಯಿತು, ಮುಂದಿನ ಹೆಜ್ಜೆಗೆ ಎಷ್ಟು ದಿನ ಹಿಡಿಯಿತು. ಡಾಕ್ಟರ ಹೆಸರು ಬರೆಯಬೇಡಿ, ಹುದ್ದೆ ಸಾಕು. ಬರೆದು ಮುಗಿಸಿದ ಮೇಲೆ ಕೊನೆಯ ಕಾಲಮ್ಮನ್ನು ಮಾತ್ರ ಮೇಲಿನಿಂದ ಕೆಳಗೆ ಓದಿ. ತಡವೆಲ್ಲಾಯಿತು ಎಂಬುದು ಅಲ್ಲಿ ಎದ್ದು ಕಾಣುತ್ತದೆ. ತಡವಾಗುವುದು ಮೂರು ಕಡೆ: ಆಸ್ಪತ್ರೆಗೆ ಹೋಗೋಣ ಎಂದು ಮನೆಯಲ್ಲಿ ತೀರ್ಮಾನವಾಗುವುದರಲ್ಲಿ, ಆಸ್ಪತ್ರೆ ತಲುಪುವ ದಾರಿಯಲ್ಲಿ, ತಲುಪಿದ ಮೇಲೆ ಆಸ್ಪತ್ರೆಯೊಳಗೆ. ಗಂಟು ಕಂಡ ಮೇಲೂ ಎರಡು ತಿಂಗಳು ನಾಟಿ ಔಷಧಿ ಮಾಡಿದ್ದರೆ ಅದನ್ನೂ ಬರೆಯಿರಿ. ಮನೆಯ ತಡವನ್ನು ಮುಚ್ಚಿಟ್ಟು ಆಸ್ಪತ್ರೆಯ ತಡವನ್ನಷ್ಟೇ ತೋರಿಸಿದ ಪಟ್ಟಿಯನ್ನು ಅಧಿಕಾರಿ ಮೊದಲ ಪ್ರಶ್ನೆಯಲ್ಲೇ ಬದಿಗೆ ಸರಿಸುತ್ತಾರೆ.

ಇಲ್ಲಿ ಒಂದು ಗೆರೆ ಎಳೆದುಕೊಳ್ಳಿ. ನಿಮಗೆ ಚಿಕಿತ್ಸೆಯಲ್ಲೇ ಅನ್ಯಾಯವಾಗಿದೆ, ನಿರ್ಲಕ್ಷ್ಯವಾಗಿದೆ ಎನಿಸಿದರೆ ಅದರ ದಾರಿ ಬೇರೆ. ಅದಕ್ಕೆ ಗ್ರಾಹಕರ ಆಯೋಗವಿದೆ, ಕರ್ನಾಟಕ ವೈದ್ಯಕೀಯ ಪರಿಷತ್ತು ಇದೆ. ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ಹೋಗಬೇಕು. ಆ ಜಗಳವನ್ನೂ ಎಲ್ಲರ ಪರವಾಗಿ ಕೊಡುವ ಮನವಿಯನ್ನೂ ಒಂದೇ ಕಾಗದದಲ್ಲಿ ಬೆರೆಸಿದರೆ ಎರಡೂ ಕೆಡುತ್ತವೆ. ಮನವಿ ವೈಯಕ್ತಿಕ ಸಿಟ್ಟಿನಂತೆ ಕಾಣುತ್ತದೆ, ದೂರು ಅಸ್ಪಷ್ಟವಾಗುತ್ತದೆ.

ನಿಮ್ಮೊಬ್ಬರದೇ ಪಾಡೋ, ಎಲ್ಲರದೂ ಹೌದೋ

ನಿಮ್ಮ ಬಯಾಪ್ಸಿ ರಿಪೋರ್ಟು ಇಪ್ಪತ್ತೆರಡು ದಿನ ತಡವಾಯಿತು ಎನ್ನೋಣ. ಅದು ಆ ತಿಂಗಳು ಲ್ಯಾಬಿನವರು ರಜೆ ಹೋಗಿದ್ದರಿಂದಲೂ ಇರಬಹುದು. ಅದೇ ದಾರಿಯಲ್ಲಿ ಹೋದ ಕನಿಷ್ಠ ಎಂಟು ಹತ್ತು ಜನರನ್ನು ಕೇಳದೆ ಮನವಿ ಬರೆಯಬೇಡಿ. ಕೇಳುವಾಗ "ನಿಮಗೂ ಲೇಟಾಯ್ತಾ?" ಅಂದರೆ ಎಲ್ಲರೂ ಹೌದು ಎನ್ನುತ್ತಾರೆ. "ಸ್ಯಾಂಪಲ್ ಕೊಟ್ಟ ದಿನ ಯಾವುದು, ರಿಪೋರ್ಟು ಕೈಗೆ ಬಂದ ದಿನ ಯಾವುದು?" ಎಂದು ಕೇಳಿ. ಸಾಧ್ಯವಾದರೆ ಕಾಗದವನ್ನೇ ತೋರಿಸಲು ಹೇಳಿ, ನೆನಪಿನಿಂದ ಹೇಳಿದ್ದನ್ನು ಬೇರೆಯಾಗಿ ಗುರುತು ಮಾಡಿ.

ಹತ್ತು ಜನರ ದಿನಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಬರೆದು ನಡುವಿನ ಸಂಖ್ಯೆ (ಐದನೆಯದು, ಆರನೆಯದು ಇವೆರಡರ ಮಧ್ಯದ್ದು) ಹಿಡಿಯಿರಿ. ಸರಾಸರಿ ತೆಗೆದರೆ ತೊಂಬತ್ತು ದಿನ ಕಾದ ಒಬ್ಬರೇ ಇಡೀ ಲೆಕ್ಕವನ್ನು ಎಳೆದುಬಿಡುತ್ತಾರೆ. ಇನ್ನೊಂದು ಎಚ್ಚರ: ನಿಮಗೆ ಸುಲಭವಾಗಿ ಸಿಗುವವರು ಬದುಕಿ ಉಳಿದವರು, ಚಿಕಿತ್ಸೆ ಪೂರ್ತಿ ಮಾಡಿಸಿಕೊಂಡವರು. ಕೂಲಿ ತಪ್ಪುತ್ತದೆಂದು ಕೀಮೋ ಅರ್ಧಕ್ಕೆ ಬಿಟ್ಟ ಅರಕಲಗೂಡಿನ ಹೆಂಗಸು, ಡಯಾಲಿಸಿಸ್‌ಗೆ ಬರುವುದನ್ನೇ ನಿಲ್ಲಿಸಿದ ತೋಟದ ಲೈನ್ ಮನೆಯ ಮುದುಕ ಇಂಥವರು ನಿಮ್ಮ ಪಟ್ಟಿಗೆ ತಾವಾಗಿ ಬರುವುದಿಲ್ಲ. ಆಶಾ ಕಾರ್ಯಕರ್ತೆಯರಿಗೆ ಆ ಮನೆಗಳು ಗೊತ್ತಿರುತ್ತವೆ. ಹೆಸರು ಹೇಳಿ ಎಂದು ಅವರನ್ನು ಪೀಡಿಸದೆ, ಆ ಮನೆಯವರೇ ನಿಮಗೆ ಫೋನ್ ಮಾಡಲಿ ಎಂದು ನಂಬರ್ ಕೊಟ್ಟು ಬನ್ನಿ. ನಿಮ್ಮ ಪುಸ್ತಕದಲ್ಲಿ ಹೆಸರಿನ ಬದಲು 1, 2, 3 ಎಂದು ಸಂಖ್ಯೆ ಇರಲಿ.

ಸಂಖ್ಯೆಯ ವಿಷಯದಲ್ಲಿ ಆತುರ ಬೇಡ ಎನ್ನುವುದಕ್ಕೆ ನಮ್ಮ ಜಿಲ್ಲೆಯೇ ಸಾಕ್ಷಿ. 2025ರ ಮೇ, ಜೂನ್‌ನಲ್ಲಿ ಹಾಸನದಲ್ಲಿ ಹೃದಯಾಘಾತದ ಸಾವುಗಳ ಸುದ್ದಿ ದಿನವೂ ಬಂತು. ಮೊಬೈಲಿನಲ್ಲಿ ಎಣಿಕೆ ಓಡಾಡಿತು, ಮೈಸೂರಿನ ಜಯದೇವ ಆಸ್ಪತ್ರೆಗೆ ಜನ ತಪಾಸಣೆಗೆಂದು ಮುಗಿಬಿದ್ದರು. ಕೊನೆಗೆ ಸರ್ಕಾರ ತಜ್ಞರ ಸಮಿತಿ ನೇಮಿಸಿ ಒಂದೊಂದು ಸಾವಿನ ಕಾರಣವನ್ನೂ ಬೇರೆ ಬೇರೆಯಾಗಿ ನೋಡಿಸಬೇಕಾಯಿತು. ಹಾಗೆ ಸಾಲು ಬೆಳೆದಾಗ ಅದರ ಹಿಂದೆ ಸಿಕ್ಕಿಕೊಳ್ಳುವವರು ನಿಜವಾಗಿ ಎದೆನೋವಿರುವವರೇ.

ಸಹಿ ಯಾರ ಕೈಯಲ್ಲಿದೆ

ಮನವಿಗಳು ಸಾಯುವುದು ಬಹುಪಾಲು ತಪ್ಪು ಮೇಜಿನ ಮೇಲೆ. ಹಾಸನದ ಹಿಮ್ಸ್ ಬೋಧಕ ಆಸ್ಪತ್ರೆ ವೈದ್ಯಕೀಯ ಶಿಕ್ಷಣ ಇಲಾಖೆಯ ಕೆಳಗೆ ಬರುವ ಸ್ವಾಯತ್ತ ಸಂಸ್ಥೆ. ಅಲ್ಲಿನ ವಿಷಯವನ್ನು ನಿರ್ದೇಶಕರಿಗೆ ಅಥವಾ ವೈದ್ಯಕೀಯ ಅಧೀಕ್ಷಕರಿಗೆ ಬರೆಯಬೇಕು. ಅದನ್ನು ಜಿಲ್ಲಾ ಆರೋಗ್ಯಾಧಿಕಾರಿ (ಡಿಎಚ್‌ಒ) ಕಚೇರಿಗೆ ಕೊಟ್ಟರೆ "ನಮ್ಮ ವ್ಯಾಪ್ತಿಗೆ ಬರುವುದಿಲ್ಲ" ಎಂಬ ಹಿಂಬರಹ, ಅಂದರೆ ಕಚೇರಿಯ ಲಿಖಿತ ಉತ್ತರ, ಬರುತ್ತದೆ. ಬೇಲೂರು, ಅರಸೀಕೆರೆ, ಚನ್ನರಾಯಪಟ್ಟಣದಂಥ ತಾಲ್ಲೂಕು ಆಸ್ಪತ್ರೆಗಳು ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆಯವು. ಒಂದೊಂದಕ್ಕೂ ಆಡಳಿತ ವೈದ್ಯಾಧಿಕಾರಿ ಇರುತ್ತಾರೆ. ತಾಲ್ಲೂಕು ಆರೋಗ್ಯಾಧಿಕಾರಿ ನೋಡಿಕೊಳ್ಳುವುದು ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು. ಈ ಇಬ್ಬರನ್ನು ಒಬ್ಬರೇ ಎಂದುಕೊಂಡು ಅಲೆಯುವವರು ಬಹಳ.

ಖಾಸಗಿ ಆಸ್ಪತ್ರೆಯ ದರಪಟ್ಟಿ ಹಾಕಿಲ್ಲ, ತುರ್ತು ರೋಗಿಯನ್ನು ಮುಂಗಡ ಕೇಳಿ ನಿಲ್ಲಿಸಿದರು ಎನ್ನುವಂಥವು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರ ಅಡಿ ಬರುತ್ತವೆ. ಇದಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರವಿದೆ. ಔಷಧಿ ಸರಬರಾಜು ನಿಂತಿದ್ದರೆ ಅದರ ಮೂಲ ರಾಜ್ಯ ವೈದ್ಯಕೀಯ ಸರಬರಾಜು ನಿಗಮ. ಆದರೆ ಅಲ್ಲಿಂದ ಬರುವವರೆಗೆ ಸ್ಥಳೀಯವಾಗಿ ಕೊಳ್ಳಲು ಆರೋಗ್ಯ ರಕ್ಷಾ ಸಮಿತಿಯ ಹಣ ಬಳಸಬಹುದೇ ಎಂದು ಆಸ್ಪತ್ರೆ ಮಟ್ಟದಲ್ಲೇ ಕೇಳಬಹುದು. ಪ್ರತಿ ಸರ್ಕಾರಿ ಆಸ್ಪತ್ರೆಗೂ ಈ ಸಮಿತಿ ಇದೆ, ಅದರಲ್ಲಿ ಸಾರ್ವಜನಿಕರ ಪ್ರತಿನಿಧಿಗಳೂ ಇರುತ್ತಾರೆ. ಮುಂದಿನ ಸಭೆ ಯಾವಾಗ ಎಂದು ತಿಳಿದು, ಸಭೆಗೆ ಒಂದು ವಾರ ಮೊದಲು ನಿಮ್ಮ ಪತ್ರ ತಲುಪಿಸಿ. ಸಭೆ ಮುಗಿದ ಮಾರನೇ ದಿನ ಕೊಟ್ಟ ಪತ್ರ ಮುಂದಿನ ಸಭೆಯವರೆಗೆ ಫೈಲಿನಲ್ಲೇ ಮಲಗಿರುತ್ತದೆ.

ಬೇಡಿಕೆಯನ್ನು ಸಣ್ಣದು ಮಾಡುವುದು

ಡಯಾಲಿಸಿಸ್‌ನ್ನೇ ತೆಗೆದುಕೊಳ್ಳೋಣ. ತಾಲ್ಲೂಕಿನಲ್ಲಿ ರೋಗಿಗಳು ಕಾಯುತ್ತಿದ್ದಾರೆ, ಕೆಲವರು ವಾರಕ್ಕೆ ಮೂರರ ಬದಲು ಎರಡೇ ಬಾರಿ ಮಾಡಿಸಿಕೊಳ್ಳುತ್ತಿದ್ದಾರೆ. "ಹೊಸ ಯಂತ್ರ ಕೊಡಿ" ಎಂದು ಬರೆಯುವುದು ಎಲ್ಲರಿಗೂ ಹೊಳೆಯುವ ಬೇಡಿಕೆ. ಅದು ಬೆಂಗಳೂರಿಗೆ ಹೋಗಿ ಬಜೆಟ್ಟಿಗೆ ಕಾಯುತ್ತದೆ. ಅದರ ಬದಲು ಘಟಕದಲ್ಲಿ ಅರ್ಧ ದಿನ ಕುಳಿತು ಲೆಕ್ಕ ಮಾಡಿ.

ಒಂದು ಡಯಾಲಿಸಿಸ್‌ಗೆ ಸುಮಾರು ನಾಲ್ಕು ಗಂಟೆ, ಆಮೇಲೆ ಯಂತ್ರ ಶುದ್ಧಮಾಡಿ ಸಜ್ಜು ಮಾಡುವ ಹೊತ್ತು ಬೇರೆ. ಘಟಕದಲ್ಲಿ ಮೂರು ಯಂತ್ರವಿದೆ ಎಂದುಕೊಳ್ಳಿ. ಹೆಪಟೈಟಿಸ್ ಬಿ ಇರುವವರಿಗೆ ಸೋಂಕು ಹರಡದಂತೆ ಒಂದನ್ನು ಬೇರೆ ಇಡಬೇಕು, ಉಳಿದದ್ದು ಎರಡು. ದಿನಕ್ಕೆ ಎರಡು ಪಾಳಿ, ವಾರಕ್ಕೆ ಆರು ದಿನ ಎಂದರೆ 2×2×6, ಒಟ್ಟು 24 ಡಯಾಲಿಸಿಸ್. ಒಬ್ಬರಿಗೆ ವಾರಕ್ಕೆ ಮೂರರಂತೆ ಎಂಟು ಜನಕ್ಕೆ ಮಾತ್ರ ಸಾಕು. ಮೂರನೇ ಪಾಳಿ ಸೇರಿಸಿದರೆ 36, ಅಂದರೆ ಹನ್ನೆರಡು ಜನ. ಹೊಸ ಯಂತ್ರ ಬೇಕಿಲ್ಲ, ಆ ಪಾಳಿಗೆ ಒಬ್ಬ ಟೆಕ್ನಿಷಿಯನ್, ಒಬ್ಬ ನರ್ಸ್, ಅದಕ್ಕೆ ತಕ್ಕ ಡಯಲೈಸರ್ (ರಕ್ತ ಸೋಸುವ ಫಿಲ್ಟರು) ಮತ್ತು ಟ್ಯೂಬು ಬೇಕು. ಸಂಜೆ ಪಾಳಿ ಮುಗಿದ ಮೇಲೆ ಊರಿಗೆ ಬಸ್ ಇದೆಯೇ ಎಂಬುದನ್ನೂ ನೋಡಿ. ಕೊನೇ ಬಸ್ ಏಳಕ್ಕೆ ಹೋಗುವ ಕಡೆ ಏಳೂವರೆಗೆ ಮುಗಿಯುವ ಪಾಳಿ ಯಾರಿಗೂ ಬೇಡ. ಹಾಗಿದ್ದಲ್ಲಿ ಬೆಳಗಿನ ಪಾಳಿಯನ್ನು ಒಂದು ಗಂಟೆ ಮುಂಚೆ ಶುರುಮಾಡಿ ಎನ್ನುವುದೇ ಸರಿಯಾದ ಬೇಡಿಕೆ.

"ಯಂತ್ರ ಕೆಟ್ಟಿದೆ" ಎಂಬ ಮಾತನ್ನೂ ಹಾಗೆಯೇ ಬಿಡಿಸಿ ನೋಡಿ. ಡಯಾಲಿಸಿಸ್ ದ್ರವ ಸಾಮಾನ್ಯವಾಗಿ ನಿಮಿಷಕ್ಕೆ 500 ಮಿಲಿಲೀಟರಿನಂತೆ ಹರಿಯುತ್ತದೆ. ನಾಲ್ಕು ಗಂಟೆಗೆ ಅದೇ 120 ಲೀಟರ್ ಆಯಿತು, ಅಷ್ಟೂ ಆರ್‌ಒ ಘಟಕದಿಂದ ಬರಬೇಕಾದ ಶುದ್ಧ ನೀರು. ಆರ್‌ಒ ನಿಂತರೆ ಯಂತ್ರಗಳು ಚೆನ್ನಾಗಿದ್ದರೂ ಎಲ್ಲ ಒಟ್ಟಿಗೆ ನಿಲ್ಲುತ್ತವೆ. ಒಂದೇ ಯಂತ್ರ ನಿಂತಿದ್ದರೆ ಆ ಯಂತ್ರದ ಬಿಡಿಭಾಗದ ತೊಂದರೆ. ಎಲ್ಲವೂ ಆಗಾಗ ನಿಂತು ಮತ್ತೆ ನಡೆಯುತ್ತಿದ್ದರೆ ಕರೆಂಟು, ಯುಪಿಎಸ್ಸು. ಮಲೆನಾಡಿನ ಮಳೆಗಾಲದಲ್ಲಿ ಇದು ಸಾಮಾನ್ಯ. ಹಲವು ಕಡೆ ಘಟಕ ನಡೆಸುವುದು ಗುತ್ತಿಗೆ ಸಂಸ್ಥೆ, ಟೆಕ್ನಿಷಿಯನ್‌ಗೆ ಸಂಬಳ ಕೊಡುವುದೂ ಅವರೇ. ರಿಪೇರಿ ಎಷ್ಟು ದಿನದೊಳಗೆ ಆಗಬೇಕು ಎಂಬುದು ಒಪ್ಪಂದದಲ್ಲಿ ಬರೆದಿರುತ್ತದೆ. ಆ ಒಂದು ಸಾಲು ನಿಮ್ಮ ಕೈಗೆ ಸಿಕ್ಕರೆ ಮನವಿಯ ಅರ್ಧ ಕೆಲಸ ಮುಗಿದಂತೆ.

ಬೇರೆ ಕಾಯಿಲೆಗಳಿಗೂ ಇಷ್ಟೇ ಸಣ್ಣ ಬೇಡಿಕೆಗಳಿವೆ. ಹೃದಯಾಘಾತಕ್ಕೆ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ಮಾಡಿ, ತಜ್ಞರಿಗೆ ತೋರಿಸಿ, ರಕ್ತ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ಇಲ್ಲಿ ಕೇಳಬೇಕಾದದ್ದು ಎರಡೇ: ರಾತ್ರಿ ಪಾಳಿಯಲ್ಲಿ ಇಸಿಜಿ ತೆಗೆಯುವವರು ಇದ್ದಾರೆಯೇ, ಇಂಜೆಕ್ಷನ್ ದಾಸ್ತಾನಿನಲ್ಲಿ ಇದೆಯೇ. ಕೊನೆಯ ಹಂತದ ಕ್ಯಾನ್ಸರ್ ನೋವಿಗೆ ಮಾರ್ಫಿನ್ ಮಾತ್ರೆ ಬೇಕು. 2014ರಲ್ಲಿ ಮಾದಕ ವಸ್ತು ಕಾಯ್ದೆಗೆ ತಿದ್ದುಪಡಿಯಾಗಿ, ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳು ಹಿಂದಿನಂತೆ ಹಲವು ಲೈಸೆನ್ಸಿಗೆ ಅಲೆಯದೆ ಇದನ್ನು ಇಡಬಹುದಾಗಿದೆ. ನಿಮ್ಮ ಆಸ್ಪತ್ರೆಗೆ ಆ ಮಾನ್ಯತೆ ಇದೆಯೇ ಎಂದು ಕೇಳುವುದು ಒಂದು ಸಾಲಿನ ಪ್ರಶ್ನೆ. ಉತ್ತರ ಇಲ್ಲ ಎಂದಾದರೆ, ಮಾನ್ಯತೆಗೆ ಅರ್ಜಿ ಹಾಕಿ ಎನ್ನುವುದೇ ನಿಮ್ಮ ಮುಂದಿನ ಮನವಿ.

ಮನವಿ, ಟಪಾಲು, ಹಿಂಬರಹ

ಮನವಿ ಒಂದು ಪುಟ ಮೀರಬಾರದು. ಮಾದರಿ ಹೀಗಿರಲಿ:

"ವಿಷಯ: ಡಯಾಲಿಸಿಸ್ ಘಟಕದಲ್ಲಿ ಮೂರನೇ ಪಾಳಿ ಆರಂಭಿಸುವ ಕುರಿತು.
ಮಾನ್ಯರೇ, ತಮ್ಮ ಆಸ್ಪತ್ರೆಯ ಘಟಕದಲ್ಲಿ ಸದ್ಯ ಎರಡು ಪಾಳಿ ನಡೆಯುತ್ತಿದ್ದು, ವಾರಕ್ಕೆ 24 ಡಯಾಲಿಸಿಸ್ ಸಾಧ್ಯವಾಗುತ್ತಿದೆ. ವಾರಕ್ಕೆ ಮೂರು ಬಾರಿ ಬೇಕೆಂದು ವೈದ್ಯರು ಬರೆದುಕೊಟ್ಟಿರುವ ನಾಲ್ವರಿಗೆ ಎರಡು ಬಾರಿ ಮಾತ್ರ ಸಿಗುತ್ತಿದೆ (ಚೀಟಿಗಳ ಪ್ರತಿ ಲಗತ್ತಿಸಿದೆ). ಇರುವ ಯಂತ್ರಗಳಲ್ಲೇ ಮೂರನೇ ಪಾಳಿ ಆರಂಭಿಸಿದರೆ ಇವರಿಗೆಲ್ಲ ಪೂರ್ಣ ಚಿಕಿತ್ಸೆ ಸಿಗುತ್ತದೆ. ದಯವಿಟ್ಟು ಪರಿಶೀಲಿಸಿ, ಕೈಗೊಂಡ ಕ್ರಮದ ಬಗ್ಗೆ ಹಿಂಬರಹ ನೀಡಬೇಕೆಂದು ಕೋರುತ್ತೇವೆ."

ಲಗತ್ತಿಸುವ ಚೀಟಿಗಳ ಜೆರಾಕ್ಸ್ ಪ್ರತಿಯಲ್ಲಿ ರೋಗಿಯ ಹೆಸರು, ವಿಳಾಸ, ಆಧಾರ್ ಸಂಖ್ಯೆಯನ್ನು ಕಪ್ಪು ಶಾಯಿಯಿಂದ ಮುಚ್ಚಿ, ಅದನ್ನು ಮತ್ತೊಮ್ಮೆ ಜೆರಾಕ್ಸ್ ಮಾಡಿ. ಶಾಯಿ ಹಚ್ಚಿದ ಕಾಗದವನ್ನೇ ಕೊಟ್ಟರೆ ಬೆಳಕಿಗೆ ಹಿಡಿದಾಗ ಹೆಸರು ಕಾಣುತ್ತದೆ. ಸಹಿ ಹತ್ತು ಇದ್ದರೆ ಸಾಕು. ಇನ್ನೂರು ಸಹಿ ಹಾಕಿಸಿದ ಪತ್ರ ಹೋರಾಟದ ಪತ್ರವೆಂದು ಬೇರೆ ಕಡತಕ್ಕೆ ಹೋಗುತ್ತದೆ. ಟಪಾಲು ಶಾಖೆಯಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ, ಸ್ವೀಕೃತಿ ಸಂಖ್ಯೆ ಮೂರೂ ಇವೆಯೇ ನೋಡಿಕೊಳ್ಳಿ. "ಸಾಹೇಬರ ಕೈಗೇ ಕೊಟ್ಟೆ" ಎನ್ನುವುದು ಹೆಮ್ಮೆಯ ವಿಷಯವೇನಲ್ಲ. ಕೈಗೆ ಕೊಟ್ಟ ಪತ್ರಕ್ಕೆ ಸಂಖ್ಯೆ ಬೀಳದೆ ಹೋದರೆ ಅದು ಕಚೇರಿಯ ಲೆಕ್ಕದಲ್ಲಿ ಇಲ್ಲ.

ಹದಿನೈದು ದಿನದ ಮೇಲೆ ವಿಷಯ ನಿರ್ವಾಹಕರನ್ನು (ಆ ಕಡತ ನೋಡಿಕೊಳ್ಳುವ ಗುಮಾಸ್ತರನ್ನು) ಕಂಡು ಕಡತ ಎಲ್ಲಿದೆ ಎಂದು ಕೇಳಿ. ಡಾಕ್ಟರನ್ನು ಕಾಣುವುದಾದರೆ ಸೋಮವಾರವೂ ಸಂತೆಯ ದಿನವೂ ಬೇಡ, ಆ ದಿನಗಳ ಒಪಿಡಿಯಲ್ಲಿ ಅವರಿಗೆ ಉಸಿರಾಡಲೂ ಬಿಡುವಿರುವುದಿಲ್ಲ. ಒಂದು ತಿಂಗಳಾದರೂ ಉತ್ತರವಿಲ್ಲದಿದ್ದರೆ 1902ರ ಜನಸ್ಪಂದನಕ್ಕೆ ನೋಂದಾಯಿಸಿ, ಸ್ವೀಕೃತಿ ಸಂಖ್ಯೆಯನ್ನು ಅಲ್ಲಿ ನಮೂದಿಸಿ.

ಮಾಹಿತಿ ಹಕ್ಕನ್ನು ಬೆದರಿಕೆಗೆ ಬಳಸಬೇಡಿ, ನಿಮಗೆ ಬೇಕಾದ ಕಾಗದ ತರಿಸಿಕೊಳ್ಳಲು ಬಳಸಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸಾಮಾನ್ಯವಾಗಿ 150 ಪದದೊಳಗೆ ಇರಬೇಕು. ಇದನ್ನು ಮೀರಿದ ಅರ್ಜಿಯನ್ನು ತಿರಸ್ಕರಿಸಲು ಕಚೇರಿಗೆ ಸುಲಭದ ನೆಪ ಸಿಗುತ್ತದೆ. "ಯಾಕೆ ರಿಪೇರಿ ಮಾಡಿಲ್ಲ?" ಎಂದು ಕೇಳಿದರೆ ಉತ್ತರ ಬರುವುದಿಲ್ಲ, ಕಾಯ್ದೆ ಕೊಡಿಸುವುದು ದಾಖಲೆಯನ್ನು. "ಕಳೆದ ಆರು ತಿಂಗಳಲ್ಲಿ ತಿಂಗಳುವಾರು ನಡೆದ ಡಯಾಲಿಸಿಸ್ ಸಂಖ್ಯೆ, ಯಂತ್ರಗಳ ದುರಸ್ತಿ ಪುಸ್ತಕದ ಪ್ರತಿ, ಗುತ್ತಿಗೆ ಒಪ್ಪಂದದ ಪ್ರತಿ" ಎಂದು ಕೇಳಿ. 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗ. ತಪ್ಪು ಕಚೇರಿಗೆ ಕೊಟ್ಟಿದ್ದರೆ ಐದು ದಿನದೊಳಗೆ ಸರಿಯಾದ ಕಚೇರಿಗೆ ಅವರೇ ವರ್ಗಾಯಿಸಬೇಕು.

ಬೇಡಿಕೆ ಈಡೇರಿದರೆ ಒಂದು ಸಾಲಿನ ಧನ್ಯವಾದ ಪತ್ರವನ್ನೂ ಟಪಾಲಿಗೆ ಕೊಡಿ. ಅಧಿಕಾರಿ ವರ್ಗವಾಗಿ ಹೋದರೂ ಆ ಪತ್ರ ಕಡತದಲ್ಲಿ ಉಳಿಯುತ್ತದೆ. ನಾಳೆ ಪಾಳಿ ನಿಲ್ಲಿಸಿದರೆ, ಅದು ನಡೆಯುತ್ತಿತ್ತು ಎನ್ನುವುದಕ್ಕೆ ಆಧಾರವೂ ಆಗುತ್ತದೆ.

ಒಬ್ಬ ರೋಗಿಯ ಜೊತೆ ಹೋಗುವಾಗ

ಹಾಸನದಿಂದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋದವರು ಸುಮ್ಮನೆ ಅಲೆದಂತಾಗುವುದು ಬಹುಪಾಲು ಒಂದೇ ಕಾರಣಕ್ಕೆ: ಬಯಾಪ್ಸಿ ರಿಪೋರ್ಟು ಕೈಯಲ್ಲಿದೆ, ಸ್ಲೈಡು ಮತ್ತು ಬಯಾಪ್ಸಿಯ ತುಣುಕು ಹುದುಗಿಸಿಟ್ಟ ಮೇಣದ ಬ್ಲಾಕು ಊರಿನ ಲ್ಯಾಬಿನಲ್ಲೇ ಉಳಿದಿವೆ. ದೊಡ್ಡ ಆಸ್ಪತ್ರೆಯವರು ತಮ್ಮಲ್ಲೇ ಮತ್ತೊಮ್ಮೆ ನೋಡಿ ಖಚಿತಪಡಿಸಿಕೊಳ್ಳುತ್ತಾರೆ, ಅದಕ್ಕೆ ಬ್ಲಾಕೇ ಬೇಕು. ಲ್ಯಾಬಿಗೆ ಬರೆದುಕೊಟ್ಟು, ಸಹಿ ಹಾಕಿ, ಬ್ಲಾಕಿನ ಸಂಖ್ಯೆ ರಿಪೋರ್ಟಿನ ಸಂಖ್ಯೆಗೆ ಹೊಂದುತ್ತದೆಯೇ ನೋಡಿ ತನ್ನಿ. ಬಿಸಿಲಿಗೆ ಇಟ್ಟರೆ ಮೇಣ ಕರಗುತ್ತದೆ. ಸ್ಕ್ಯಾನಿಂಗ್‌ನ ಫಿಲ್ಮಿನ ಜೊತೆ ಸಿಡಿಯನ್ನೂ ಕೇಳಿ ಪಡೆಯಿರಿ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಂತೆ ವರ್ಷಕ್ಕೆ 1.5 ಲಕ್ಷದವರೆಗೆ ಸೌಲಭ್ಯವಿದೆ. ತುರ್ತು ಸಂದರ್ಭ ಬಿಟ್ಟರೆ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಕೌಂಟರಿನಲ್ಲಿ ಕೆಲಸ ನಿಲ್ಲುವುದು ಹೆಚ್ಚಾಗಿ ಹೆಸರಿನ ಮೇಲೆ: ಆಧಾರಿನಲ್ಲಿ ಒಂದು, ರೇಷನ್ ಕಾರ್ಡಿನಲ್ಲಿ ಇನ್ನೊಂದು, ಅಥವಾ ಮದುವೆಯಾಗಿ ಬಂದ ಸೊಸೆಯ ಹೆಸರು ಕಾರ್ಡಿಗೆ ಸೇರಿಯೇ ಇಲ್ಲ. ಇದನ್ನು ಊರಿನಲ್ಲೇ ನೋಡಿಕೊಂಡು ಹೊರಡಿ. ಆಪರೇಷನ್‌ಗೆ ಮೊದಲೇ, ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯ ಮಿತ್ರರನ್ನು ಕಂಡು ಅನುಮತಿ ಪಡೆಯಬೇಕು. ಮೊದಲು ಹಣ ಕಟ್ಟಿ ಆಮೇಲೆ ಯೋಜನೆಗೆ ಸೇರಿಸುತ್ತೇವೆಂದರೆ ಆಗುವುದು ಕಷ್ಟ. ಹಾಲಿನ ಡೇರಿ, ಸೊಸೈಟಿಗಳ ಸದಸ್ಯರಿಗೆ ಯಶಸ್ವಿನಿ ಇದೆ. ಅದರ ನೋಂದಣಿ ವರ್ಷದಲ್ಲಿ ನಿಗದಿಯಾದ ದಿನಗಳಲ್ಲಿ ಮಾತ್ರ, ಕಾಯಿಲೆ ಬಂದ ಮೇಲೆ ಓಡಿದರೆ ಬಾಗಿಲು ಹಾಕಿರುತ್ತದೆ. ರೈಲಿನಲ್ಲಿ ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್‌ನಲ್ಲಿ ಪೂರ್ಣ ರಿಯಾಯಿತಿ, ಜೊತೆಗಿರುವ ಒಬ್ಬರಿಗೆ ಶೇ 75. ಅದಕ್ಕೆ ಆಸ್ಪತ್ರೆ ತುಂಬಿಕೊಟ್ಟ ನಮೂನೆ ಬೇಕು. ಯಾವ ಸೌಲಭ್ಯ ಎಲ್ಲಿದೆ ಎಂದು ತಿಳಿಯದಿದ್ದರೆ 104ಕ್ಕೆ ಫೋನ್ ಮಾಡಿ.

ನಿಮಗೂ ಅದೇ ಕಾಯಿಲೆ ಬಂದಿತ್ತು ಎಂಬ ಕಾರಣಕ್ಕೆ ರೋಗಿಗಳು ನಿಮ್ಮನ್ನು ಡಾಕ್ಟರಿಗಿಂತ ಹೆಚ್ಚು ನಂಬುತ್ತಾರೆ. ಅಪಾಯ ಇರುವುದು ಇಲ್ಲೇ. "ನನಗೆ ಈ ಮಾತ್ರೆ ಆಗಿಬಂತು", "ಆ ಡಾಕ್ಟರೇ ಸರಿ", "ಈ ಹಂತವಾದರೆ ಏನೂ ಆಗೋಲ್ಲ ಬಿಡಿ" ಎಂಬ ಮೂರು ಬಗೆಯ ಮಾತನ್ನೂ ಬಿಡಿ. ಒಂದೇ ಹೆಸರಿನ ಕ್ಯಾನ್ಸರಿಗೆ ಇಬ್ಬರಿಗೆ ಬೇರೆ ಬೇರೆ ಔಷಧಿ ಇರುತ್ತದೆ. ನಿಮ್ಮಿಂದಾಗುವ ದೊಡ್ಡ ಸಹಾಯ ಅವರ ಪ್ರಶ್ನೆಗಳನ್ನು ಬರೆದುಕೊಡುವುದು: ಈ ಚಿಕಿತ್ಸೆಯ ಗುರಿ ಗುಣವೋ, ಶಮನವೋ? ಎಷ್ಟು ಬಾರಿ ಬರಬೇಕು? ಜ್ವರ ಬಂದರೆ ಯಾವ ನಂಬರಿಗೆ ಫೋನ್ ಮಾಡಬೇಕು? ಕೀಮೋದಲ್ಲಿರುವವರಿಗೆ ಮೂರನೆಯದು ಎಲ್ಲಕ್ಕಿಂತ ಮುಖ್ಯ. ಬಿಳಿ ರಕ್ತಕಣ ಕುಸಿದಾಗ ಬರುವ ಜ್ವರ ಬೆಳಗಿನವರೆಗೆ ಕಾಯುವ ಜ್ವರವಲ್ಲ.

ಕ್ಯಾನ್ಸರ್ ವಾಸಿ, ಸಕ್ಕರೆ ಕಾಯಿಲೆ ಮಾಯ ಎಂಬ ಕರಪತ್ರ ಹಿಡಿದು ಬಂದವರಿಗೆ ನಿಮ್ಮ ಗುಂಪಿನಲ್ಲಿ ಜಾಗ ಕೊಡಬೇಡಿ. ಅಂಥ ಜಾಹೀರಾತೇ 1954ರ ಕಾಯ್ದೆಯ ಪ್ರಕಾರ ಅಪರಾಧ.

ನಿಮ್ಮ ಕಥೆ ಎಷ್ಟು ಹೇಳಬೇಕು

ಮೂರು ನಿಮಿಷ ಸಾಕು. ಕಾಯಿಲೆ ಯಾವುದು ಎಂಬುದಕ್ಕೆ ಒಂದು ವಾಕ್ಯ, ತಡವೆಲ್ಲಾಯಿತು ಎಂಬುದಕ್ಕೆ ದಿನಾಂಕದ ಜೊತೆ ಎರಡು ಮೂರು, ಇನ್ನೂ ಹತ್ತು ಜನರಿಗೆ ಹೀಗೇ ಆಗಿದೆ ಎಂಬುದಕ್ಕೆ ಒಂದು, ಕೊನೆಗೆ ಬೇಡಿಕೆ. ಗ್ರಾಮಸಭೆಯಲ್ಲೂ ಕೆಡಿಪಿ (ಇಲಾಖೆಗಳ ಪ್ರಗತಿ ಪರಿಶೀಲನೆ) ಸಭೆಗೆ ಮೊದಲು ಶಾಸಕರ ಮುಂದೆಯೂ ಇದಕ್ಕಿಂತ ಹೆಚ್ಚು ಹೊತ್ತು ಸಿಗುವುದಿಲ್ಲ.

ಹೇಳುವ ಮೊದಲು ಮನೆಯವರನ್ನು ಕೇಳಿ, ಅದರಲ್ಲೂ ಮದುವೆಗೆ ಬಂದ ಮಕ್ಕಳು, ತಂಗಿಯರು ಇದ್ದರೆ. ವಂಶದಲ್ಲಿ ಬರುವ ಕಾಯಿಲೆಯ ಸುದ್ದಿ ಹೆಣ್ಣು ನೋಡಲು ಬರುವವರಿಗಿಂತ ಮುಂಚೆ ಊರು ಸುತ್ತಿರುತ್ತದೆ. ಅವರು ಬೇಡವೆಂದರೆ ಕಾಯಿಲೆಯ ಹೆಸರು ಹೇಳದೆಯೂ ಬೇಡಿಕೆ ಇಡಬಹುದು. ಪತ್ರಿಕೆಯವರು ಫೋಟೊ ಕೇಳಿದರೆ ಕೊಡಲೇಬೇಕೆಂದಿಲ್ಲ. ಒಮ್ಮೆ ವಿಡಿಯೊ ಹೊರಗೆ ಹೋದರೆ ವಾಪಸ್ ತರಲು ಆಗುವುದಿಲ್ಲ ಎಂಬುದನ್ನು ಬೇರೆ ರೋಗಿಗಳಿಗೂ ಬಿಡಿಸಿ ಹೇಳಿ, ಆಮೇಲೆ ಒಪ್ಪಿಗೆ ಕೇಳಿ. ಇನ್ನೊಬ್ಬರ ಎಚ್‌ಐವಿ ವಿಷಯವಂತೂ ಅವರ ಒಪ್ಪಿಗೆ ಇಲ್ಲದೆ ಬಾಯಿಂದ ಬರಬಾರದು. 2017ರ ಕಾಯ್ದೆ ಅದನ್ನು ರಕ್ಷಿಸುತ್ತದೆ.

ವಾಟ್ಸಾಪ್ ಗುಂಪು ಮಾಡಿದರೆ ಮೊದಲ ದಿನವೇ ಎರಡು ನಿಯಮ ಹಾಕಿ: ರಿಪೋರ್ಟಿನ ಫೋಟೊ ಹಾಕುವಂತಿಲ್ಲ, ಔಷಧಿಯ ಹೆಸರು ಹೇಳುವಂತಿಲ್ಲ. ಶುಭೋದಯದ ಚಿತ್ರಗಳನ್ನು ತಡೆಯುವುದು ನಿಮಗೆ ಬಿಟ್ಟದ್ದು.

ಹಣ, ಸಂಘ, ಕಾಲ

ರೋಗಿಯ ಹಣ ನಿಮ್ಮ ಖಾತೆಗೆ ಒಂದು ರೂಪಾಯಿಯೂ ಬರಬಾರದು. ಯಾರಾದರೂ ಕೊಡಲು ಮುಂದೆ ಬಂದರೆ ಆಸ್ಪತ್ರೆಯ ಖಾತೆಗೆ ಅಥವಾ ರೋಗಿಯ ಖಾತೆಗೆ ನೇರವಾಗಿ ಹೋಗಲಿ. ಲ್ಯಾಬು, ಆಂಬುಲೆನ್ಸು, ಆಸ್ಪತ್ರೆಗಳಿಂದ "ಪೇಷಂಟ್ ಕಳಿಸಿ, ನೋಡಿಕೊಳ್ಳುತ್ತೇವೆ" ಎಂಬ ಫೋನು ಬಂದೇ ಬರುತ್ತದೆ. ಒಮ್ಮೆ ತೆಗೆದುಕೊಂಡರೆ ನೀವು ಬರೆದ ಮನವಿಗಳೆಲ್ಲ ಆ ದಿನಕ್ಕೆ ಮುಗಿದವು.

ಸಂಘ ನೋಂದಾಯಿಸುವ ಅವಸರ ಬೇಡ. ಒಂದೆರಡು ಬೇಡಿಕೆ ಕೈಗೂಡಿ, ದೇಣಿಗೆ ಪಡೆಯಬೇಕಾದ ಸ್ಥಿತಿ ಬಂದಾಗ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿ ಕನಿಷ್ಠ ಏಳು ಜನ ಸೇರಿ ನೋಂದಾಯಿಸಿಕೊಳ್ಳಬಹುದು. ಪ್ರತಿವರ್ಷ ಲೆಕ್ಕ, ಸಭೆಯ ನಡಾವಳಿ ಸಲ್ಲಿಸಬೇಕು. ಆ ಕೆಲಸ ಇಷ್ಟಪಟ್ಟು ಮಾಡುವ ಒಬ್ಬರು ಸಿಗುವವರೆಗೆ ಹಾಗೇ ಗುಂಪಾಗಿರಿ.

ಸಭೆಯ ದಿನ ಗೊತ್ತುಮಾಡುವಾಗ ಬೆಳೆ ನೋಡಿ. ಬೇಲೂರು, ಸಕಲೇಶಪುರದ ಕಡೆ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕುಯ್ಲು, ಯಾರೂ ಬರುವುದಿಲ್ಲ. ಜುಲೈ, ಆಗಸ್ಟ್‌ನಲ್ಲಿ ರಸ್ತೆಯನ್ನು ನಂಬುವಂತಿಲ್ಲ. ತೋಟದ ಲೈನುಗಳಲ್ಲಿ ತಮಿಳು, ತುಳು ಆಡುವವರು, ಈಚೆಗೆ ಅಸ್ಸಾಮಿನಿಂದ ಬಂದವರೂ ಇದ್ದಾರೆ. ಕರಪತ್ರ ಹಂಚುವ ಬದಲು ಅವರದೇ ಭಾಷೆಯ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ.

ಚಿಕಿತ್ಸೆ ಮುಗಿದ ವಾರವೇ ಈ ಕೆಲಸಕ್ಕೆ ಇಳಿಯಬೇಡಿ. ನಿಮ್ಮ ಡಾಕ್ಟರನ್ನು ಕೇಳಿ. ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ತೆಗೆದುಕೊಳ್ಳುವವರು, ಅದರಲ್ಲೂ ಕಿಡ್ನಿ ಕಸಿ ಮಾಡಿಸಿಕೊಂಡವರು, ಒಪಿಡಿಯ ಗುಂಪಿನಲ್ಲಿ ನಿಲ್ಲದೆ ಮನೆಯಿಂದಲೇ ಪತ್ರ ಬರೆಯುವ, ಫೋನ್ ನೋಡಿಕೊಳ್ಳುವ ಕೆಲಸ ಮಾಡಬಹುದು. ನಿಮ್ಮದೇ ಫಾಲೋ-ಅಪ್ ಸ್ಕ್ಯಾನಿಂಗ್ ಇರುವ ವಾರ ಬೇರೆಯವರ ಕೆಟ್ಟ ರಿಪೋರ್ಟು ಕೇಳುವುದು ಬಹಳ ಕಷ್ಟ. ಆ ದಿನಾಂಕವನ್ನು ಗುಂಪಿಗೆ ಮೊದಲೇ ತಿಳಿಸಿ, ಫೋನನ್ನೂ ಮನವಿಗಳ ಫೈಲನ್ನೂ ಇನ್ನೊಬ್ಬರಿಗೆ ಒಪ್ಪಿಸಿ. ಫೈಲಿನ ಮೊದಲ ಹಾಳೆಯಲ್ಲಿ ಯಾವ ಮನವಿ, ಯಾವ ಕಚೇರಿ, ಸ್ವೀಕೃತಿ ಸಂಖ್ಯೆ, ಮುಂದೆ ಹೋಗಬೇಕಾದ ದಿನ ಇಷ್ಟು ಬರೆದಿದ್ದರೆ ಅವರು ನಿಮ್ಮನ್ನು ಒಂದು ಮಾತೂ ಕೇಳದೆ ಮುಂದುವರಿಸಬಹುದು.